ಹೇಳಿದ್ದು ಮುಟ್ಟಬೇಕಾದರೆ: ಕೆಲಸದ ಜಾಗದ ಸಂವಹನ ಸರಿಪಡಿಸಲು ಒಂದು ಮಾರ್ಗದರ್ಶಿ

ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. "ಮೇಲ್ ಕಳಿಸಿದ್ದೆ, ಯಾರೂ ಮಾಡಲಿಲ್ಲ." "ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸಿದರು, ಆಮೇಲೆ ಆಗಿದ್ದೇ ಬೇರೆ." "ಕೆಲಸ ಕೆಟ್ಟ ಮೇಲೆ ನನಗೆ ಗೊತ್ತಾಯಿತು, ಕೆಳಗಿನವರಿಗೆ ಮೊದಲೇ ಗೊತ್ತಿತ್ತಂತೆ." ಕೊನೆಗೆ ಎಲ್ಲರೂ ಕೇಳುವುದು ಇಷ್ಟೇ: ನಮ್ಮಲ್ಲಿ ಸಂವಹನ ಸರಿಯಿಲ್ಲ, ಏನು ಮಾಡೋಣ?

ಬಹಳ ಕಡೆ ಇದಕ್ಕೆ ಒಂದು ದಿನದ ತರಬೇತಿ ಇಡಿಸುತ್ತಾರೆ. ಕಣ್ಣು ನೋಡಿ ಮಾತಾಡಿ, ನಗುಮುಖದಿಂದ ಮಾತಾಡಿ ಎಂದು ಹೇಳಿ ಕಳಿಸುತ್ತಾರೆ. ತಪ್ಪೇನಿಲ್ಲ. ಆದರೆ ಮರುದಿನದಿಂದ ಅದೇ ಮೇಲ್, ಅದೇ ಗ್ರೂಪ್, ಅದೇ ಮೀಟಿಂಗ್. ತೊಂದರೆ ಇರುವುದು ಮಾತಿನ ಚೆಂದದಲ್ಲಲ್ಲ. ಹೇಳಿಬಿಟ್ಟರೆ ನನ್ನ ಕೆಲಸ ಮುಗಿಯಿತು ಅಂದುಕೊಳ್ಳುವುದರಲ್ಲಿ. ಮಾತು ಮುಟ್ಟಿತೇ, ಹೇಗೆ ಅರ್ಥವಾಯಿತು, ಯಾರು ಮಾಡುತ್ತಾರೆ ಎಂದು ನೋಡುವ ಹೊಣೆ ಹೇಳಿದವರದ್ದೇ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಇದನ್ನು ಬರೆದಿರುವುದು ಮುಖ್ಯವಾಗಿ ತಂಡ ನಡೆಸುವವರಿಗೆ. ನೀವು ಮ್ಯಾನೇಜರ್ ಅಲ್ಲದಿದ್ದರೂ ಓದಿ. ನಿಮಗಾಗಿ ಕೊನೆಯಲ್ಲಿ ಸ್ವಲ್ಪ ಜಾಗ ಇಟ್ಟಿದ್ದೇನೆ.

ಮೊದಲು ಕೈಯಲ್ಲಿ ಏನೇನು ಇರಬೇಕು?

ಹೊಸ ಸಾಫ್ಟ್‌ವೇರ್ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತುಂಬಾ ಜನ ಅಲ್ಲಿಂದಲೇ ಶುರುಮಾಡುತ್ತಾರೆ. ಈಗಾಗಲೇ ಮೂರು ಆ್ಯಪ್‌ಗಳಲ್ಲಿ ಹಂಚಿಹೋಗಿರುವ ಮಾತು ನಾಲ್ಕನೆಯದಕ್ಕೂ ಹಂಚಿಹೋಗುತ್ತದೆ, ಅಷ್ಟೇ.

ಬೇಕಾಗಿರುವುದು ಇಷ್ಟು. ಇತ್ತೀಚೆಗೆ ಎಡವಟ್ಟಾದ ಎರಡು-ಮೂರು ಕೆಲಸಗಳ ನೆನಪು. ಆ ಕೆಲಸಗಳ ಬಗ್ಗೆ ಓಡಾಡಿದ ಮೇಲ್ ಮತ್ತು ಮೆಸೇಜ್‌ಗಳು. ನಿಮ್ಮ ಮುಖ ನೋಡದೆ ಇದ್ದದ್ದು ಇದ್ದಹಾಗೆ ಹೇಳಬಲ್ಲ ಒಬ್ಬಿಬ್ಬರು ಸಹೋದ್ಯೋಗಿಗಳು. ಜೊತೆಗೆ ಒಂದೆರಡು ತಿಂಗಳ ತಾಳ್ಮೆ. ಒಂದೇ ಸೋಮವಾರ ಎಲ್ಲವನ್ನೂ ಬದಲಿಸಲು ಹೋದರೆ ಜನ ಒಂದು ವಾರ ಪಾಲಿಸಿ ಹಳೇ ಅಭ್ಯಾಸಕ್ಕೆ ಮರಳುತ್ತಾರೆ. ಒಂದು ಹಂತ ರೂಢಿಯಾದ ಮೇಲೆ ಇನ್ನೊಂದಕ್ಕೆ ಹೋಗಿ.

ಹಂತ 1: ಮಾತು ಎಲ್ಲಿ ನಿಂತಿತು ಎಂದು ಹುಡುಕಿ

"ಸಂವಹನ ಸರಿಯಿಲ್ಲ" ಎನ್ನುವುದು ದೂರು. ಅದರಿಂದ ಏನನ್ನೂ ರಿಪೇರಿ ಮಾಡಲಾಗದು. ಕೆಟ್ಟುಹೋದ ಒಂದು ಕೆಲಸ ಎತ್ತಿಕೊಂಡು ಹಿಂದಕ್ಕೆ ಹೋಗಿ. ವಿಷಯ ಮೊದಲು ಯಾರಿಗೆ ಗೊತ್ತಿತ್ತು? ಅವರು ಯಾರಿಗೆ, ಯಾವಾಗ, ಹೇಗೆ ಹೇಳಿದರು? ಕೇಳಿದವರು ಅದನ್ನು ಏನೆಂದು ತಿಳಿದರು? ಆಮೇಲೆ ಏನು ಮಾಡಿದರು? ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ.

ಹೀಗೆ ಬರೆದರೆ ಸಾಮಾನ್ಯವಾಗಿ ಈ ಐದರಲ್ಲಿ ಒಂದು ಸಿಗುತ್ತದೆ. ಯಾರೂ ಹೇಳಲೇ ಇಲ್ಲ. ಹೇಳಿದರು, ಆದರೆ ಬೇಕಾದವರಿಗೆ ಮುಟ್ಟಲಿಲ್ಲ. ಮುಟ್ಟಿತು, ಬೇರೆ ರೀತಿ ಅರ್ಥವಾಯಿತು. ಸರಿಯಾಗಿಯೇ ಅರ್ಥವಾಯಿತು, ಆದರೆ ಮಾಡಬೇಕಾದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಐದನೆಯದು, ಗೊತ್ತಿದ್ದವರು ಹೆದರಿ ಬಾಯಿ ಬಿಡಲಿಲ್ಲ.

ಐದಕ್ಕೂ ಮದ್ದು ಬೇರೆ ಬೇರೆ. ಎರಡನೆಯದಕ್ಕೆ 2ನೇ ಹಂತ, ಮೂರನೆಯದಕ್ಕೆ 3 ಮತ್ತು 4, ನಾಲ್ಕನೆಯದಕ್ಕೆ 3 ಮತ್ತು 5. ಮೊದಲನೆಯದು ಮತ್ತು ಕೊನೆಯದು ಎಷ್ಟೋ ಸಲ ಒಂದೇ ಆಗಿರುತ್ತದೆ. "ಹೇಳಲು ಮರೆತೆ" ಎನ್ನುವುದರ ಹಿಂದೆ ಹೆದರಿಕೆ ಇರುವುದು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಅದಕ್ಕೆ 6ನೇ ಹಂತ.

ಎಚ್ಚರ: ಈ ಹುಡುಕಾಟದಲ್ಲಿ "ಯಾರ ತಪ್ಪು?" ಎಂದು ಒಮ್ಮೆ ಕೇಳಿದಿರೋ, ಮುಗಿಯಿತು. ಆಮೇಲೆ ನಿಮಗೆ ಸಿಗುವುದು ನಡೆದ ಕಥೆಯಲ್ಲ, ಪ್ರತಿಯೊಬ್ಬರೂ ತಮ್ಮನ್ನು ಕಾಪಾಡಿಕೊಳ್ಳಲು ಕಟ್ಟಿದ ಕಥೆ. "ಆಮೇಲೆ ಏನಾಯಿತು?" ಎಂದು ಮಾತ್ರ ಕೇಳುತ್ತಾ ಹೋಗಿ.

ಹಂತ 2: ಯಾವ ವಿಷಯ ಯಾವ ದಾರಿಯಲ್ಲಿ ಎಂದು ಗೊತ್ತುಮಾಡಿ

ತಂಡದಲ್ಲಿ 5 ಜನ ಇದ್ದರೆ ಇಬ್ಬಿಬ್ಬರ ಜೋಡಿಗಳು 10. ಹತ್ತು ಜನರಾದರೆ 45. ಇಪ್ಪತ್ತಕ್ಕೆ ಹೋದರೆ 190. ಜನ ಎರಡು ಪಟ್ಟಾದರೆ ಮಾತಿನ ದಾರಿಗಳು ನಾಲ್ಕು ಪಟ್ಟಿಗೂ ಹೆಚ್ಚಾಗುತ್ತವೆ. ಐದು ಜನರಿದ್ದಾಗ ಸುಮ್ನೆ ಕೂಗಿ ಹೇಳಿದರೆ ನಡೆಯುತ್ತಿದ್ದದ್ದು ಇಪ್ಪತ್ತು ಜನರಾದಾಗ ನಡೆಯುವುದಿಲ್ಲ, ಅದಕ್ಕೆ ಇದೇ ಕಾರಣ. ಬೆಳೆದ ಸಂಸ್ಥೆಗಳಲ್ಲಿ ಹಳಬರು "ಮೊದಲು ಎಷ್ಟು ಚೆನ್ನಾಗಿತ್ತು" ಅನ್ನುತ್ತಾರಲ್ಲ, ಅದರಲ್ಲಿ ಜನರ ಗುಣಕ್ಕಿಂತ ಈ ಲೆಕ್ಕದ ಪಾಲೇ ದೊಡ್ಡದು.

ಆದ್ದರಿಂದ ಎಲ್ಲ ವಿಷಯವನ್ನೂ ಎಲ್ಲ ದಾರಿಯಲ್ಲೂ ಬಿಡಬೇಡಿ. ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕಾಣುವ ಕಡೆ ಇಡಿ. ಹೀಗೆ:

ಈಗಲೇ, ಇವತ್ತೇ ಆಗಬೇಕಾದದ್ದಕ್ಕೆ ಫೋನ್. ಮೆಸೇಜ್ ಹಾಕಿ ಕಾಯುವಂತಿಲ್ಲ.
ಒಬ್ಬರು ಮಾಡಬೇಕಾದ, ಕಡೆಯ ದಿನವಿರುವ ಕೆಲಸಕ್ಕೆ ಅವರ ಹೆಸರಿಗೇ ಮೇಲ್, ಅಥವಾ ನೀವು ಬಳಸುವ ಕೆಲಸಗಳ ಪಟ್ಟಿ.
ಎಲ್ಲರಿಗೂ ಗೊತ್ತಿರಬೇಕಾದ ತೀರ್ಮಾನಕ್ಕೆ ಒಂದೇ ಒಂದು ಜಾಗ. ಹುಡುಕಿದರೆ ಅಲ್ಲೇ ಸಿಗಬೇಕು.
ಮನಸ್ಸಿಗೆ ನೋವಾಗಬಹುದಾದ ಮಾತು, ಕೆಲಸದ ಬಗ್ಗೆ ಟೀಕೆ, ಜಗಳದ ವಿಷಯ ಇವಕ್ಕೆಲ್ಲ ಎದುರುಬದುರು ಕೂತು ಮಾತು. ಅದಾಗದಿದ್ದರೆ ಕರೆ. ಬರಹದಲ್ಲಿ ಖಂಡಿತ ಬೇಡ.
ಗ್ರೂಪ್‌ನಲ್ಲಿ ಹರಟೆ, ಶುಭಾಶಯ, ಸಣ್ಣಪುಟ್ಟ ಪ್ರಶ್ನೆ ಇರಲಿ. ಕೆಲಸ ಒಪ್ಪಿಸುವುದು ಅಲ್ಲಿ ಬೇಡ.

ಕೊನೆಯದನ್ನು ಯಾರೂ ಪಾಲಿಸುವುದಿಲ್ಲ, ಗೊತ್ತು. ಆದರೂ ಹಟ ಹಿಡಿಯಿರಿ. ಗ್ರೂಪ್‌ನಲ್ಲಿ ಬೆಳಗ್ಗೆ ಹಾಕಿದ ಮುಖ್ಯ ವಿಷಯ ಮಧ್ಯಾಹ್ನದ ಹೊತ್ತಿಗೆ ಹುಟ್ಟುಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಿರುತ್ತದೆ.

ದಾರಿ ತಪ್ಪಿದರೆ ಏನಾಗಬಹುದು ಎನ್ನುವುದಕ್ಕೆ ಒಂದು ದುಬಾರಿ ಉದಾಹರಣೆ ಇದೆ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳವನ್ನು ತಲುಪುವ ಹೊತ್ತಿನಲ್ಲೇ ಕಳೆದುಹೋಯಿತು. ನೌಕೆಯನ್ನು ತಳ್ಳುವ ಬಲದ ಅಂಕಿಯನ್ನು ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂಬ ಬೇರೆ ಅಳತೆಯ ಲೆಕ್ಕವೆಂದು ತಿಳಿದು ಬಳಸುತ್ತಿತ್ತು. ಈ ಭಾಗ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಭಾಗ ಇದು: ಲೆಕ್ಕ ಹೊಂದುತ್ತಿಲ್ಲ ಎಂಬ ಅನುಮಾನ ನೌಕೆ ಸಾಗುವ ದಾರಿಯನ್ನು ಲೆಕ್ಕ ಹಾಕುವವರಿಗೆ ಮೊದಲೇ ಬಂದಿತ್ತು. ಆದರೆ ಸಮಸ್ಯೆಗಳನ್ನು ದಾಖಲಿಸಲೆಂದೇ ಇದ್ದ ವ್ಯವಸ್ಥೆಯ ಬದಲು ಮೇಲ್‌ಗಳಲ್ಲೇ ಅದನ್ನು ಬಗೆಹರಿಸಲು ನೋಡಿದರು. ದಾಖಲಾದ ದೂರನ್ನು ಯಾರಾದರೂ ಉತ್ತರಿಸಿ ಮುಚ್ಚಲೇಬೇಕು. ಮೇಲ್‌ಗೆ ಅಂಥ ಕಡ್ಡಾಯವಿಲ್ಲ.

ಎಚ್ಚರ: ಸಿಸಿ ಎನ್ನುವುದು ದಾರಿಯಲ್ಲ. ಮೇಲ್‌ನಲ್ಲಿ ಪ್ರತಿಯಷ್ಟೇ ಹೋಗುವವರ ಪಟ್ಟಿಗೆ ಸಿಸಿ ಎನ್ನುತ್ತೇವೆ. "ಸಿಸಿಯಲ್ಲಿ ಹಾಕಿದ್ದೆ, ಅವರಿಗೆ ಗೊತ್ತಿರಬೇಕು" ಎನ್ನುವುದು ಕೈತೊಳೆದುಕೊಳ್ಳುವ ಮಾತು. ಒಬ್ಬರು ಏನಾದರೂ ಮಾಡಬೇಕಿದ್ದರೆ ಅವರ ಹೆಸರು ಮೇಲಿನ ಸಾಲಿನಲ್ಲೇ ಇರಲಿ. ಏನೂ ಮಾಡಬೇಕಿಲ್ಲವಾದರೆ, ಅವರಿಗೆ ಈ ಮೇಲ್ ಯಾಕೆ ಬೇಕು ಎಂದು ಒಮ್ಮೆ ಕೇಳಿಕೊಳ್ಳಿ.

ಹಂತ 3: ಮೊದಲ ಎರಡು ಸಾಲಲ್ಲೇ ವಿಷಯ ಬರಲಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ, ಏಕೆಂದರೆ ದಿನನಿತ್ಯದ ಗೊಂದಲದಲ್ಲಿ ಅರ್ಧಕ್ಕರ್ಧ ಇಲ್ಲೇ ಹುಟ್ಟುತ್ತದೆ.

ನಮಗೆ ಗೊತ್ತಿರುವುದು ಎದುರಿನವರಿಗೂ ಗೊತ್ತಿರುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಹಾಡು ಯಾವುದೆಂದು ಹೇಳಬೇಕು. ಎರಡರಲ್ಲಿ ಒಂದು ಹಾಡನ್ನಾದರೂ ಗುರುತಿಸುತ್ತಾರೆ ಎಂದು ತಟ್ಟಿದವರ ಅಂದಾಜು. ನಿಜಕ್ಕೂ ಗುರುತಿಸಿದ್ದು 120 ಹಾಡುಗಳಲ್ಲಿ 3. ತಟ್ಟುವವರ ತಲೆಯಲ್ಲಿ ಹಾಡು ಪೂರ್ತಿ ಓಡುತ್ತಿರುತ್ತದೆ. ಕೇಳುವವರಿಗೆ ಬರೀ ಟಕಟಕ ಸದ್ದು.

ಆಫೀಸಿನ ಮೇಲ್‌ಗಳೂ ಹೀಗೆಯೇ ಇರುತ್ತವೆ. ಇದನ್ನು ನೋಡಿ:

"ವಿಷಯ: ವರದಿ. ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮಾತಾಡಿದಂತೆ ವರದಿಯ ಕೆಲಸ ನಡೆಯುತ್ತಿದೆ. ಕೆಲವು ಅಂಕಿಗಳು ಇನ್ನೂ ಬರಬೇಕಿದೆ. ಸಾಧ್ಯವಾದಷ್ಟು ಬೇಗ ಕಳಿಸಿದರೆ ಅನುಕೂಲ. ಯಾರಾದರೂ ಒಮ್ಮೆ ನೋಡಿ ಹೇಳಿದರೂ ಒಳ್ಳೆಯದು."

ಓದಲು ಸೌಮ್ಯವಾಗಿಯೇ ಇದೆ ಅಲ್ವಾ? ಆದರೆ ಯಾವ ವರದಿ? ಯಾವ ಅಂಕಿ? ಯಾರು ಕಳಿಸಬೇಕು? ಬೇಗ ಅಂದರೆ ಇವತ್ತೇ, ಈ ತಿಂಗಳೇ? "ಯಾರಾದರೂ" ಎಂದ ಮೇಲೆ ಯಾರೂ ನೋಡುವುದಿಲ್ಲ. ಹತ್ತು ಜನರಿಗೆ ಹೇಳಿದ ಕೆಲಸ ಯಾರ ಕೆಲಸವೂ ಅಲ್ಲ.

ಅದನ್ನೇ ಹೀಗೆ ಬರೆಯಬಹುದು:

"ವಿಷಯ: ಮಾರಾಟ ವರದಿಗೆ ಜೂನ್ ತಿಂಗಳ ಅಂಕಿ ಬೇಕು, ಗುರುವಾರ ಸಂಜೆ 4ರ ಒಳಗೆ. ಗೋದಾಮಿನ ಮೇಲ್ವಿಚಾರಕರೇ, ಜೂನ್‌ನಲ್ಲಿ ವಾಪಸು ಬಂದ ಮಾಲಿನ ಸಂಖ್ಯೆ ನಿಮ್ಮಿಂದ ಬರಬೇಕು. ಪೆಟ್ಟಿಗೆಗಳ ಲೆಕ್ಕ ಬೇಡ, ಬಿಡಿ ವಸ್ತುಗಳ ಲೆಕ್ಕ ಕೊಡಿ. ಶುಕ್ರವಾರ ಬೆಳಗ್ಗೆ ವರದಿ ನಿರ್ದೇಶಕರ ಕೈ ಸೇರಬೇಕು, ಅದಕ್ಕೇ ಈ ಅವಸರ. ಗುರುವಾರದೊಳಗೆ ಆಗದಿದ್ದರೆ ನಾಳೆ ಮಧ್ಯಾಹ್ನದೊಳಗೆ ನನಗೆ ತಿಳಿಸಿ, ಬೇರೆ ದಾರಿ ನೋಡುತ್ತೇನೆ."

ಇದರಲ್ಲಿ ಏನೇನಿದೆ ನೋಡಿ. ವಿಷಯದ ಸಾಲಿನಲ್ಲೇ ಬೇಡಿಕೆ ಮತ್ತು ಗಡುವು. ಮಾಡಬೇಕಾದವರು ಒಬ್ಬರೇ. ಅಳತೆ ಯಾವುದು ಎಂಬ ಸ್ಪಷ್ಟನೆ, ಮೇಲೆ ಹೇಳಿದ ಮಂಗಳ ನೌಕೆಯ ಪಾಠ ಇದೇ. ಯಾಕೆ ಎಂಬ ಕಾರಣ. ಆಗದಿದ್ದರೆ ಏನು ಮಾಡಬೇಕು ಎಂಬುದೂ ಇದೆ. ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳುವುದು ಅದೇ. "ಆಗಲ್ಲ" ಎಂದು ಹೇಳಲು ದಾರಿ ಮತ್ತು ಸಮಯ ಎರಡನ್ನೂ ಕೊಟ್ಟರೆ ಮಾತ್ರ ಜನ ಮುಂಚಿತವಾಗಿ ಹೇಳುತ್ತಾರೆ. ಇಲ್ಲದಿದ್ದರೆ ಗಡುವು ದಾಟಿದ ಮೇಲೆ ನೀವೇ ಕಂಡುಕೊಳ್ಳಬೇಕು.

ಕಾರಣ ಹೇಳುವುದನ್ನೂ ಬಿಡಬೇಡಿ. ಕಾರಣ ಗೊತ್ತಿದ್ದವರು ನೀವು ಹೇಳದೇ ಬಿಟ್ಟ ಸಣ್ಣ ವಿಷಯಗಳನ್ನು ತಾವೇ ಸರಿಯಾಗಿ ತೀರ್ಮಾನಿಸುತ್ತಾರೆ. ಕಾರಣ ಗೊತ್ತಿಲ್ಲದವರು ಪ್ರತಿಯೊಂದಕ್ಕೂ ವಾಪಸು ಬಂದು ಕೇಳುತ್ತಾರೆ. ಇಲ್ಲವೇ ಕೇಳದೆ ತಪ್ಪು ಮಾಡುತ್ತಾರೆ.

ಕೆಲವು ಪದಗಳನ್ನು ಬರಹದಿಂದ ತೆಗೆದೇಬಿಡಿ. "ಬೇಗ", "ಆದಷ್ಟು", "ಸ್ವಲ್ಪ ನೋಡಿ", "ಮುಂದಿನ ಕ್ರಮ ಕೈಗೊಳ್ಳಿ", "ಯಾರಾದರೂ". ಇವು ಇರುವ ಕಡೆ ದಿನ, ಗಂಟೆ, ಹೆಸರು, ಸಂಖ್ಯೆ ಬರಲಿ. "ಮುಂದಿನ ಶುಕ್ರವಾರ" ಎಂಬುದೂ ಅಪಾಯವೇ. ಬರುವ ಶುಕ್ರವಾರವೋ ಅದರಾಚೆಯದೋ ಎಂದು ಇಬ್ಬರು ಎರಡು ರೀತಿ ಓದುತ್ತಾರೆ. ತಾರೀಖು ಹಾಕಿ.

ಎಚ್ಚರ: ಒಂದು ಮೇಲ್‌ನಲ್ಲಿ ಮೂರು ಬೇಡಿಕೆ ಇಟ್ಟರೆ ಉತ್ತರ ಬರುವುದು ಒಂದಕ್ಕೆ, ಅದೂ ಸುಲಭವಾದದ್ದಕ್ಕೆ. ಬೇಡಿಕೆಗಳು ಬೇರೆ ಬೇರೆ ಜನರಿಗಾದರೆ ಮೇಲ್‌ಗಳೂ ಬೇರೆ ಇರಲಿ.

ಹಂತ 4: ಮರುನುಡಿಸಿ

ಮರುನುಡಿ ಎಂದರೆ ಕೇಳಿಸಿಕೊಂಡವರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹಿಂದಿರುಗಿಸಿ ಹೇಳುವುದು. ವಿಮಾನ ಹಾರಿಸುವವರಿಗೆ ಮುಖ್ಯ ಸೂಚನೆಗಳನ್ನು ಇದ್ದಹಾಗೇ ತಿರುಗಿ ಹೇಳುವುದು ಕಡ್ಡಾಯ. ಅದು ಬಿಗಿಯಾದದ್ದರ ಹಿಂದೆ ಒಂದು ದೊಡ್ಡ ದುರಂತವಿದೆ.

1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಡಚ್ ಕಂಪನಿ ಕೆಎಲ್‌ಎಂನ ವಿಮಾನದಿಂದ "ನಾವೀಗ ಟೇಕಾಫ್‌ನಲ್ಲಿದ್ದೇವೆ" ಎಂಬ ಅರ್ಥದ ಮಾತು ಹೋಯಿತು. ಹಾರಲು ತಯಾರಾಗಿ ನಿಂತಿದ್ದಾರೆ ಎಂದು ನಿಯಂತ್ರಕರು ತಿಳಿದರು. ಅವರು "ಓಕೆ" ಎಂದು, ಕಾಯಿರಿ ಎಂದೂ ಹೇಳಿದರು. ಅದೇ ಕ್ಷಣ ಅಮೆರಿಕದ ಪ್ಯಾನ್ ಆ್ಯಮ್ ಕಂಪನಿಯ ವಿಮಾನವೂ ರೇಡಿಯೋದಲ್ಲಿ ಮಾತಾಡಿದ್ದರಿಂದ ಕೆಎಲ್‌ಎಂನವರಿಗೆ ಸರಿಯಾಗಿ ಕೇಳಿದ್ದು "ಓಕೆ" ಮಾತ್ರ. ವಿಮಾನ ಆಗಲೇ ಓಡುತ್ತಿತ್ತು, ಪ್ಯಾನ್ ಆ್ಯಮ್ ವಿಮಾನ ಅದೇ ರನ್‌ವೇಯಲ್ಲಿತ್ತು. 583 ಜನ ಸತ್ತರು. ಅದಾದ ಮೇಲೆ ರೇಡಿಯೋ ಮಾತುಗಳನ್ನು ಬಿಗಿಗೊಳಿಸಿದರು. "ಟೇಕಾಫ್" ಎಂಬ ಪದವನ್ನು ಹಾರಲು ಒಪ್ಪಿಗೆ ಕೊಡುವಾಗ, ಅಥವಾ ಕೊಟ್ಟ ಒಪ್ಪಿಗೆ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕು. ಮುಖ್ಯ ಸೂಚನೆಗೆ ಬರೀ "ಸರಿ" ಎಂದರೆ ಸಾಲದು, ಸೂಚನೆಯನ್ನೇ ತಿರುಗಿ ಹೇಳಬೇಕು.

ನಮ್ಮ ಕೆಲಸಗಳಲ್ಲಿ ಜೀವ ಹೋಗದಿರಬಹುದು. ಆದರೆ ಆ "ಓಕೆ" ನಮ್ಮಲ್ಲೂ ಇದೆ. ಹೆಬ್ಬೆರಳಿನ ಚಿತ್ರ ಬಂದರೆ ಅದು "ಓದಿದೆ" ಎಂದೇ, "ಒಪ್ಪಿದೆ" ಎಂದೇ, "ಮಾಡುತ್ತೇನೆ" ಎಂದೇ? ಕಳಿಸಿದವರು ಮೂರನೆಯದೆಂದು ತಿಳಿಯುತ್ತಾರೆ, ಒತ್ತಿದವರ ಮನಸ್ಸಿನಲ್ಲಿ ಮೊದಲನೆಯದಿರುತ್ತದೆ. ತಂಡದಲ್ಲಿ ಇದನ್ನು ಒಮ್ಮೆ ಕೂತು ಗೊತ್ತುಮಾಡಿಕೊಳ್ಳಿ.

ಮರುನುಡಿಯನ್ನು ಕೇಳುವ ರೀತಿ ಮುಖ್ಯ. "ಅರ್ಥವಾಯಿತೇ?" ಎಂದು ಕೇಳಬೇಡಿ. ಅದಕ್ಕೆ ಉತ್ತರ ಯಾವಾಗಲೂ "ಹೂಂ". "ನಾನು ಹೇಳಿದ್ದನ್ನು ಒಪ್ಪಿಸು ನೋಡೋಣ" ಎಂದರೆ ಶಾಲೆಯ ಪರೀಕ್ಷೆಯಂತಾಗುತ್ತದೆ. ಹೊರೆಯನ್ನು ನಿಮ್ಮ ಮೇಲೆ ಹಾಕಿಕೊಳ್ಳಿ: "ನಾನು ಅವಸರದಲ್ಲಿ ಹೇಳಿದೆ, ಏನಾದರೂ ಬಿಟ್ಟಿರಬಹುದು. ನೀವು ಮೊದಲು ಯಾವುದರಿಂದ ಶುರುಮಾಡುತ್ತೀರಿ, ಹೇಳಿ?" ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಅರ್ಥವಾಗಿದ್ದೂ ಆಗದ್ದೂ ಎರಡೂ ಹೊರಬೀಳುತ್ತವೆ.

ಪಾಳಿ ಬದಲಾಗುವಾಗ, ಒಬ್ಬರ ಕೆಲಸ ಇನ್ನೊಬ್ಬರಿಗೆ ಹೋಗುವಾಗ, ತುರ್ತಾಗಿ ಮೇಲಿನವರಿಗೆ ವಿಷಯ ಮುಟ್ಟಿಸುವಾಗ ಎಸ್‌ಬಿಎಆರ್ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಎಂಬ ನಾಲ್ಕು ಮಾತಿನ ಕ್ರಮ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಇದ್ದ ಪದ್ಧತಿ ಇದು, ಆಮೇಲೆ ಆಸ್ಪತ್ರೆಗಳಿಗೆ ಬಂತು. ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜು ಏನು, ನಿಮ್ಮಿಂದ ಏನು ಬೇಕು. ಇದೇ ಕ್ರಮದಲ್ಲಿ ಹೇಳಬೇಕು. "ಯಂತ್ರ ಎರಡು ಸಲ ನಿಂತಿದೆ. ಹೋದ ವಾರ ಬೆಲ್ಟ್ ಬದಲಿಸಿದ್ದೆವು. ಮೋಟಾರಿನ ತೊಂದರೆ ಇರಬೇಕು ಅನಿಸುತ್ತದೆ. ರಾತ್ರಿ ಪಾಳಿಗೆ ಮುಂಚೆ ರಿಪೇರಿಯವರನ್ನು ಕರೆಸಲು ಒಪ್ಪಿಗೆ ಕೊಡಿ." ಅರ್ಧ ನಿಮಿಷವೂ ಬೇಡ. ಕಿರಿಯರಿಗೆ ಇದು ಹೆಚ್ಚು ಸಹಾಯ ಮಾಡುತ್ತದೆ. ಮೂರನೇ ಮತ್ತು ನಾಲ್ಕನೇ ಮಾತು ಕ್ರಮದಲ್ಲೇ ಇರುವುದರಿಂದ ಸ್ವಂತ ಅಭಿಪ್ರಾಯ ಹೇಳಲು ಸಂಕೋಚಪಡಬೇಕಿಲ್ಲ.

ಹಂತ 5: ಮೀಟಿಂಗ್‌ನಿಂದ ಮೂರು ಸಾಲು ಹೊರಬರಲಿ

ಮೀಟಿಂಗ್ ಬಗ್ಗೆ ಎಲ್ಲರೂ ಬೇಕಾದಷ್ಟು ಬರೆದಿದ್ದಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಬರೀ ಮಾಹಿತಿ ಹೇಳಲು ಮೀಟಿಂಗ್ ಕರೆಯಬೇಡಿ, ಬರೆದು ಕಳಿಸಿ. ತೀರ್ಮಾನ ಮಾಡಲು, ಭಿನ್ನಾಭಿಪ್ರಾಯ ಬಗೆಹರಿಸಲು ಕರೆಯಿರಿ. ಓದಿಕೊಂಡು ಬನ್ನಿ ಎಂದರೆ ಯಾರೂ ಓದುವುದಿಲ್ಲ ಎನ್ನುವುದು ನಿಮ್ಮ ತೊಂದರೆಯಾದರೆ, ಮೊದಲ ಹತ್ತು ನಿಮಿಷ ಎಲ್ಲರೂ ಅಲ್ಲೇ ಸುಮ್ಮನೆ ಕೂತು ಓದಲಿ. ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟ್ ತೆಗೆಸಿ, ಬರೆದ ಟಿಪ್ಪಣಿಯನ್ನು ಸಭೆಯ ಶುರುವಿನಲ್ಲೇ ಓದುವ ರೂಢಿ ತಂದರು. ವಿಚಿತ್ರ ಅನಿಸುತ್ತದೆ, ಆದರೆ ಕೆಲಸ ಮಾಡುತ್ತದೆ.

ಮುಗಿಯುವ ಐದು ನಿಮಿಷ ಮೊದಲು ನಿಲ್ಲಿಸಿ, ಮೂರು ಸಾಲು ಜೋರಾಗಿ ಓದಿ: ಏನು ತೀರ್ಮಾನವಾಯಿತು, ಯಾರು ಯಾವಾಗಿನೊಳಗೆ ಏನು ಮಾಡುತ್ತಾರೆ, ಯಾವುದು ಇನ್ನೂ ತೀರ್ಮಾನವಾಗಿಲ್ಲ. ಆಕ್ಷೇಪಗಳು ಬರುವುದು ಆಗಲೇ. "ನಾನು ಹಾಗೆ ಒಪ್ಪಿಲ್ಲ" ಎಂದು ಒಬ್ಬರು ಹೇಳುತ್ತಾರೆ. ಹೇಳಲಿ, ಒಳ್ಳೆಯದೇ. ಆ ಮಾತು ಮೂರು ವಾರ ಕಳೆದು ಬರುವುದಕ್ಕಿಂತ ಅಲ್ಲೇ ಬರುವುದು ಮೇಲು. ಅದೇ ಮೂರು ಸಾಲನ್ನು ಅವತ್ತೇ ಎಲ್ಲರಿಗೂ ಕಳಿಸಿ. ಮೂರನೇ ಸಾಲನ್ನು ಮರೆಯಬೇಡಿ. ತೀರ್ಮಾನವಾಗದ್ದನ್ನು ಆಗಿದೆ ಎಂದುಕೊಂಡು ಒಬ್ಬರಾದರೂ ಹೊರಟಿರುತ್ತಾರೆ.

ಹಂತ 6: ಕೆಟ್ಟ ಸುದ್ದಿ ಮೇಲಕ್ಕೆ ಬರುವ ದಾರಿ ತೆರೆಯಿರಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಉಳಿದವನ್ನೆಲ್ಲ ಒಂದು ಸುತ್ತೋಲೆಯಿಂದ ಶುರುಮಾಡಬಹುದು. ಇದನ್ನು ಆಗದು.

ಕೆಟ್ಟ ಸುದ್ದಿ ಹೇಳಲು ಜನ ಹಿಂಜರಿಯುತ್ತಾರೆ, ಒಳ್ಳೆಯ ಸುದ್ದಿ ಹೇಳಲು ಓಡಿ ಬರುತ್ತಾರೆ. ಇದನ್ನು 1970ರಲ್ಲೇ ಸಿಡ್ನಿ ರೋಸನ್ ಮತ್ತು ಅಬ್ರಹಾಂ ಟೆಸರ್ ಎಂಬ ಮನಶ್ಶಾಸ್ತ್ರಜ್ಞರು ಅಧ್ಯಯನ ಮಾಡಿ ಮಮ್ ಎಫೆಕ್ಟ್ ಎಂದು ಕರೆದರು. ಸುದ್ದಿ ಒಂದೊಂದು ಮೆಟ್ಟಿಲು ಹತ್ತುವಾಗಲೂ ಸ್ವಲ್ಪ ಸ್ವಲ್ಪ ಮೆತ್ತಗಾಗುತ್ತದೆ. ಕೆಳಗೆ "ಇದು ನಡೆಯುವುದೇ ಇಲ್ಲ" ಎಂದಿದ್ದದ್ದು ಮಧ್ಯದಲ್ಲಿ "ಕೆಲವು ಸವಾಲುಗಳಿವೆ" ಆಗಿ, ಮೇಲೆ ಮುಟ್ಟುವಾಗ "ಕೆಲಸ ಪ್ರಗತಿಯಲ್ಲಿದೆ" ಎಂದಾಗಿರುತ್ತದೆ. ಇಡೀ ದಾರಿಯಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ.

ನಾಸಾದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕಥೆ ಇದಕ್ಕೆ ದೊಡ್ಡ ಸಾಕ್ಷಿ. 1986ರ ಜನವರಿ 27ರ ರಾತ್ರಿ, ರಾಕೆಟ್ ತಯಾರಿಸಿದ್ದ ಮಾರ್ಟನ್ ಥಿಯೊಕಾಲ್ ಕಂಪನಿಯ ಎಂಜಿನಿಯರ್‌ಗಳು ನಾಸಾದವರೊಂದಿಗೆ ಫೋನ್ ಸಭೆಯಲ್ಲಿದ್ದರು. 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಹಾರಿಸಬೇಡಿ ಎಂದು ಬರೆದೇ ಕೊಟ್ಟರು. ಚಳಿಗೆ ರಾಕೆಟ್‌ನ ಭಾಗಗಳ ಜೋಡಣೆಯಲ್ಲಿರುವ ರಬ್ಬರಿನ ಉಂಗುರಗಳು ಗಡುಸಾಗಿ ಬಿಸಿ ಅನಿಲವನ್ನು ತಡೆಯಲಾರವು ಎಂಬುದು ಅವರ ಭಯ. ನಾಸಾ ಕಡೆಯಿಂದ ಇದಕ್ಕೆ ಜೋರು ಆಕ್ಷೇಪ ಬಂತು. ಕಂಪನಿಯವರು ಸ್ವಲ್ಪ ಹೊತ್ತು ಫೋನ್‌ನಿಂದ ಹೊರಗೆ ಹೋಗಿ ತಮ್ಮಲ್ಲೇ ಚರ್ಚಿಸಿದರು. ಎಂಜಿನಿಯರ್‌ಗಳು ಒಪ್ಪದಿದ್ದರೂ ಮ್ಯಾನೇಜರ್‌ಗಳು ಮಾತು ಬದಲಿಸಿ ಹಾರಿಸಬಹುದು ಎಂದರು. ಮರುದಿನ ಉಡಾವಣೆಯಾಗಿ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು. ಏಳು ಜನ ಸತ್ತರು.

ತನಿಖೆ ನಡೆಸಿದ ರೋಜರ್ಸ್ ಆಯೋಗ ಕಂಡದ್ದು ಬರೀ ಉಂಗುರದ ದೋಷವನ್ನಲ್ಲ. ಉಡಾವಣೆಗೆ ಕೊನೆಯ ಒಪ್ಪಿಗೆ ಕೊಟ್ಟವರಿಗೆ, ಮೊದಲು "ಬೇಡ" ಎಂಬ ಲಿಖಿತ ಸಲಹೆ ಬಂದಿತ್ತು ಎಂಬುದೂ ಎಂಜಿನಿಯರ್‌ಗಳ ವಿರೋಧ ಮುಂದುವರಿದಿತ್ತು ಎಂಬುದೂ ಗೊತ್ತೇ ಇರಲಿಲ್ಲ. ಮಾತು ಹೊರಟಿತ್ತು, ಜೋರಾಗಿಯೇ ಹೊರಟಿತ್ತು. ಮಧ್ಯದ ಮೆಟ್ಟಿಲಲ್ಲಿ ನಿಂತಿತು.

ನಿಮ್ಮ ಸಂಸ್ಥೆಯಲ್ಲಿ ಇದಕ್ಕೆ ಏನು ಮಾಡಬಹುದು?

ಮೊದಲನೆಯದು, ನಿಮ್ಮ ಮುಖ. ಯಾರಾದರೂ ಕೆಟ್ಟ ಸುದ್ದಿ ತಂದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಎಲ್ಲವನ್ನೂ ತೀರ್ಮಾನಿಸುತ್ತದೆ. "ಇದನ್ನು ಈಗ ಹೇಳ್ತಿದ್ದೀಯಾ?" ಎಂದು ಒಮ್ಮೆ ಸಿಡುಕಿದರೆ, ಮುಂದಿನ ಸಲ ಇಷ್ಟು ತಡವಾಗಿಯೂ ಹೇಳುವುದಿಲ್ಲ. "ಹೇಳಿದ್ದು ಒಳ್ಳೆಯದಾಯಿತು. ಈಗ ಏನು ಮಾಡಬಹುದು?" ಎಂದು ಶುರುಮಾಡಿ. ಕಾರಣ ಕೇಳುವುದು ಬೆಂಕಿ ಆರಿದ ಮೇಲೆ. ಕೃತಕ ಅನಿಸಿದರೂ ಪರವಾಗಿಲ್ಲ, ರೂಢಿ ಮಾಡಿಕೊಳ್ಳಿ.

ಎರಡನೆಯದು, ಪ್ರಶ್ನೆ ಬದಲಿಸಿ. "ಎಲ್ಲ ಸರಿಯಾಗಿದೆ ತಾನೇ?" ಎಂದು ಕೇಳಿದರೆ ಉತ್ತರವನ್ನು ನೀವೇ ಹೇಳಿಕೊಟ್ಟಂತೆ. "ಈ ವಾರ ಯಾವುದು ತಡವಾಗಬಹುದು?", "ಇದು ಕೈಕೊಟ್ಟರೆ ಯಾವ ಕಾರಣಕ್ಕೆ ಕೈಕೊಡಬಹುದು?" ಎಂದು ಕೇಳಿ. ಇಲ್ಲಿ ಕೆಟ್ಟ ಸುದ್ದಿಯೇ ಸರಿಯಾದ ಉತ್ತರ.

ಮೂರನೆಯದು, ಕಿರಿಯರು ಮೊದಲು ಮಾತಾಡಲಿ. ಬಾಸ್ ಅಭಿಪ್ರಾಯ ಹೇಳಿದ ಮೇಲೆ ಉಳಿದವರು ಹೇಳುವುದು ಅಭಿಪ್ರಾಯವಲ್ಲ, ಒಪ್ಪಿಗೆ. ಟೆನೆರೀಫ್‌ನಲ್ಲಿ ಕೆಎಲ್‌ಎಂ ವಿಮಾನದ ಫ್ಲೈಟ್ ಎಂಜಿನಿಯರ್, ಇನ್ನೊಂದು ವಿಮಾನ ರನ್‌ವೇಯಿಂದ ಹೊರಗೆ ಹೋಗಿಲ್ಲವೇ ಎಂದು ಕೇಳಿದ್ದರು. ಹಿರಿಯ ಕ್ಯಾಪ್ಟನ್ ಹೋಗಿದೆ ಎಂದುಬಿಟ್ಟರು. ಮಾತು ಅಲ್ಲಿಗೆ ನಿಂತಿತು.

ನಾಲ್ಕನೆಯದು, ಮಧ್ಯದವರನ್ನು ದಾಟುವ ಒಂದು ದಾರಿ ಇರಲಿ. ಭದ್ರತೆ, ಹಣ, ಕಾನೂನು ಇಂಥ ವಿಷಯದಲ್ಲಿ ಯಾರು ಬೇಕಾದರೂ ನೇರವಾಗಿ ಮೇಲಿನವರಿಗೆ ಹೇಳಬಹುದು ಎಂದು ಬರೆದೇ ಇಡಿ. ಭಿನ್ನಾಭಿಪ್ರಾಯ ಇದ್ದರೆ ತೀರ್ಮಾನದ ಜೊತೆ ಅದನ್ನೂ ಒಂದು ಸಾಲಿನಲ್ಲಿ ಮೇಲಕ್ಕೆ ಕಳಿಸಬೇಕು ಎಂಬ ನಿಯಮ ಮಾಡಿ.

ಎಚ್ಚರ: "ನನ್ನ ಬಾಗಿಲು ಯಾವಾಗಲೂ ತೆರೆದಿದೆ" ಎಂದು ಹೇಳಿ ಕೂತರೆ ಯಾರೂ ಬರುವುದಿಲ್ಲ. ಬಾಗಿಲ ತನಕ ಬರುವುದೇ ಅವರಿಗೆ ಕಷ್ಟ. ನೀವೇ ಎದ್ದು ಹೋಗಬೇಕು.

ಇನ್ನೊಂದು ಎಚ್ಚರ: ಹೆಸರಿಲ್ಲದೆ ಸಲಹೆ ಹಾಕುವ ಪೆಟ್ಟಿಗೆ ಇಟ್ಟು, ಬಂದ ಪತ್ರಗಳಿಗೆ ಉತ್ತರವನ್ನೇ ಕೊಡದಿದ್ದರೆ ಇದ್ದ ನಂಬಿಕೆಯೂ ಹೋಗುತ್ತದೆ. "ಇದನ್ನು ಮಾಡಲಾಗುವುದಿಲ್ಲ, ಕಾರಣ ಇದು" ಎಂಬ ಉತ್ತರವಾದರೂ ಹೋಗಲಿ.

ಹಂತ 7: ಬದಲಾವಣೆಯನ್ನು ಗಾಳಿಮಾತಿಗಿಂತ ಮುಂಚೆ ಹೇಳಿ

ಹೊಸ ಮ್ಯಾನೇಜರ್ ಬರುವುದು, ವಿಭಾಗ ಸೇರಿಸುವುದು, ಕೆಲಸದ ಸಮಯ ಬದಲಾಗುವುದು ಇಂಥವು ಮುಚ್ಚಿಟ್ಟಷ್ಟೂ ಗಾಳಿಮಾತಾಗಿ ಬೆಳೆಯುತ್ತವೆ. ಎಲ್ಲ ಪಕ್ಕಾ ಆದ ಮೇಲೆ ಹೇಳೋಣ ಎಂದು ಕಾದರೆ, ಅಷ್ಟರಲ್ಲಿ ಜನ ತಮ್ಮದೇ ಕಥೆ ಕಟ್ಟಿಕೊಂಡಿರುತ್ತಾರೆ. ಆ ಕಥೆ ನಿಜಕ್ಕಿಂತ ಕೆಟ್ಟದಾಗಿಯೇ ಇರುತ್ತದೆ. ಗೊತ್ತಿರುವುದು ಇಷ್ಟು, ಇನ್ನೂ ತೀರ್ಮಾನವಾಗದ್ದು ಇಷ್ಟು, ಮುಂದಿನ ಸುದ್ದಿ ಕೊಡುವುದು ಈ ತಾರೀಖಿಗೆ ಎಂದು ಹೇಳಿ. ಆ ದಿನ ಹೊಸದೇನೂ ಇಲ್ಲದಿದ್ದರೆ "ಹೊಸದೇನೂ ಇಲ್ಲ" ಎಂದು ಹೇಳಲು ಮರೆಯದೆ ಬನ್ನಿ.

ಯಾರ ಕೆಲಸಕ್ಕೆ ಪೆಟ್ಟು ಬೀಳುತ್ತದೆಯೋ ಅವರಿಗೆ ಮೊದಲು, ಒಬ್ಬೊಬ್ಬರಾಗಿ ಹೇಳಬೇಕು. ಎಲ್ಲರ ಜೊತೆ ಕೂರಿಸಿ ಹೇಳಿದರೆ ಅದನ್ನು ಅವರು ಮರೆಯುವುದಿಲ್ಲ, ನೋಡಿದವರೂ ಮರೆಯುವುದಿಲ್ಲ.

ಹಂತ 8: ಒಂದೆರಡು ತಿಂಗಳ ಬಳಿಕ ಅಳೆಯಿರಿ

ಮತ್ತೆ ಮೂರು ಕೆಲಸ ಎತ್ತಿಕೊಂಡು ಮೊದಲ ಹಂತದ ಹಾಳೆ ಬರೆಯಿರಿ. ಮಾತು ಈಗ ಎಲ್ಲಿ ನಿಲ್ಲುತ್ತಿದೆ? "ಯಾರು ಮಾಡಬೇಕಿತ್ತು?" ಎಂಬ ಪ್ರಶ್ನೆ ಕಡಿಮೆಯಾಗಿದೆಯೇ? ಒಂದೇ ವಿಷಯ ಕೇಳಿ ಎರಡೆರಡು ಸಲ ಬರುವ ಮೇಲ್ ಕಡಿಮೆಯಾಗಿದೆಯೇ? ಎಷ್ಟು ಮೀಟಿಂಗ್ ನಡೆಯಿತು, ಎಷ್ಟು ಮೆಸೇಜ್ ಹೋಯಿತು ಎಂದು ಎಣಿಸಬೇಡಿ. ಜಾಸ್ತಿ ಮಾತಾಡಿದರೆ ಒಳ್ಳೆಯ ಸಂವಹನ ಎಂದೇನೂ ಇಲ್ಲ.

ಇಲ್ಲಿ ಒಂದು ವಿಷಯ ನಿಮ್ಮನ್ನು ಹೆದರಿಸಬಹುದು. ಎಲ್ಲ ಸರಿಯಾಗಿ ನಡೆದರೆ ಮೊದಲ ದಿನಗಳಲ್ಲಿ ತಪ್ಪುಗಳ ವರದಿ ಹೆಚ್ಚಾಗುತ್ತದೆ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ತಂಡಗಳನ್ನು ನೋಡಿದಾಗ ಇಂಥದ್ದೇ ಕಂಡರು. ಒಳ್ಳೆಯ ತಂಡಗಳಲ್ಲಿ ದಾಖಲಾದ ತಪ್ಪುಗಳೇ ಹೆಚ್ಚಿದ್ದವು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ತಪ್ಪುಗಳನ್ನು ಹೆಚ್ಚು ಹೇಳಿಕೊಳ್ಳುತ್ತಿದ್ದವು. ಮಾತಾಡಿದರೆ ಏಟು ಬೀಳುವುದಿಲ್ಲ ಎಂಬ ಈ ನಂಬಿಕೆಯನ್ನು ಅವರು ಮಾನಸಿಕ ಸುರಕ್ಷತೆ ಎಂದು ಕರೆದರು. ಹಾಗಾಗಿ ವರದಿಯಾದ ತಪ್ಪುಗಳ ಸಂಖ್ಯೆ ಏರಿದ್ದು ನೋಡಿ ಗಾಬರಿಯಾಗಿ ಬಯ್ಯಲು ಹೋಗಬೇಡಿ. ಎರಡು ತಿಂಗಳ ಕೆಲಸ ಅಲ್ಲಿಗೇ ಮುಳುಗುತ್ತದೆ.

ನೀವು ಮ್ಯಾನೇಜರ್ ಅಲ್ಲದಿದ್ದರೆ

ಮೂರನೇ ಮತ್ತು ನಾಲ್ಕನೇ ಹಂತಕ್ಕೆ ಯಾರ ಅನುಮತಿಯೂ ಬೇಕಿಲ್ಲ. ನಿಮ್ಮ ಮೇಲ್‌ಗಳನ್ನು ನೀವೇ ಬದಲಿಸಬಹುದು. ಮೇಲಿನವರು ನಡೆಯುತ್ತಾ ನಡೆಯುತ್ತಾ ಬಾಯಿಮಾತಲ್ಲಿ ಕೆಲಸ ಹೇಳಿ ಹೋದರೆ, ನಿಮ್ಮ ಜಾಗಕ್ಕೆ ಬಂದ ಕೂಡಲೇ ಎರಡು ಸಾಲು ಬರೆದು ಕಳಿಸಿ: "ಸರ್, ನಾನು ತಿಳಿದುಕೊಂಡಿದ್ದು ಹೀಗೆ. ದರಪಟ್ಟಿಯನ್ನು 14ರೊಳಗೆ ಮುಗಿಸಬೇಕು, ಹಳೆಯ ಗ್ರಾಹಕರಿಗೆ ಮಾತ್ರ ಕಳಿಸಬೇಕು. ಬೇರೆ ಏನಾದರೂ ಇದ್ದರೆ ಇವತ್ತು ಸಂಜೆಯೊಳಗೆ ಹೇಳಿ, ನಾಳೆ ಬೆಳಗ್ಗೆ ಶುರುಮಾಡುತ್ತೇನೆ." ಬಹಳಷ್ಟು ಸಲ ಉತ್ತರ ಬರುವುದಿಲ್ಲ, ಬರದಿದ್ದರೂ ತೊಂದರೆಯಿಲ್ಲ. ಕೆಲವು ಸಲ "ಅಯ್ಯೋ, ಹೊಸ ಗ್ರಾಹಕರಿಗೆ ಅಂದಿದ್ದು" ಎಂದು ಬರುತ್ತದೆ. ಅದನ್ನು 14ಕ್ಕೆ ಕೇಳುವ ಬದಲು ಇವತ್ತೇ ಕೇಳಿಸಿಕೊಂಡಿರಿ.